ಕತ್ತಿನಿಂದ ಕೆಳಗೆ ಹೆಣೆದ ಅಕ್ಕನ ಜಾಕೆಟ್

ಅಕ್ಕನಿಗೆ ಕ್ರೋಶಾದಲ್ಲಿ, ಅಂದರೆ ಒಂದೇ ಕೊಕ್ಕೆ ಕಡ್ಡಿಯಿಂದ, ನಾನು ಹೆಣೆದ ಮೊದಲ ಜಾಕೆಟ್ ಮುಗಿದ ದಿನ ಅವಳು ಅದನ್ನು ಹಾಕಿಕೊಂಡು ಮೇಲಿನ ಕಪಾಟಿನಿಂದ ಡಬ್ಬಿ ತೆಗೆಯಲು ಕೈ ಎತ್ತಿದಳು. ಕೈಯ ಜೊತೆ ಇಡೀ ಜಾಕೆಟ್ ಮೇಲೆ ಬಂತು. "ಚೆನ್ನಾಗಿದೆ ಕಣೇ, ಆದ್ರೆ ಕಂಕುಳಲ್ಲಿ ಏನೋ ಜೋತುಬಿದ್ದ ಹಾಗಿದೆ. ಕತ್ತೂ ಸ್ವಲ್ಪ ಒತ್ತುತ್ತೆ" ಅಂದಳು. ಎರಡು ತಿಂಗಳ ಕೆಲಸ ಅದು. ನನಗೆ ಬೇಜಾರಾಗಬಾರದು ಅಂತ ಅಳೆದೂ ತೂಗಿ ಮಾತಾಡಿದ್ದಳು. ಆದರೆ ಹಾಗೆ ಒತ್ತುವ ಬಟ್ಟೆಯನ್ನು ಯಾರೂ ಎರಡನೇ ಸಲ ಹಾಕಿಕೊಳ್ಳುವುದಿಲ್ಲ. ಮಾರನೇ ದಿನ ಕೂತು ಪೂರ್ತಿ ಬಿಚ್ಚಿದೆ.

ಬಿಚ್ಚುವಾಗಲೇ ತಪ್ಪು ಎಲ್ಲಿದೆ ಅಂತ ಗೊತ್ತಾಯಿತು. ನಾನು ನೋಡಿಕೊಂಡು ಹೆಣೆದ ಮಾದರಿಯಲ್ಲಿ ಕತ್ತಿನಿಂದ ಕಂಕುಳಿನವರೆಗೆ 20 ಸಾಲು ಅಂತಿತ್ತು. ಅದು 22 ಸೆಂ.ಮೀ. ಆಗಬೇಕಿತ್ತು. ಅಡ್ಡಕ್ಕೆ ಎಷ್ಟು ಕಂಬ ಬರುತ್ತದೆ ಅಂತ ನಾನು ಸರಿಯಾಗಿ ಅಳೆದಿದ್ದೆ, ಎತ್ತರಕ್ಕೆ ಎಷ್ಟು ಸಾಲು ಬರುತ್ತದೆ ಅಂತ ಅಳೆದಿರಲಿಲ್ಲ. ನನ್ನ ಕೈಯಲ್ಲಿ ಕಂಬ ಸ್ವಲ್ಪ ಉದ್ದ ಬರುತ್ತದೆ. 20 ಸಾಲಿಗೆ 25 ಸೆಂ.ಮೀ. ಆಗಿತ್ತು. ಮೂರೇ ಸೆಂ.ಮೀ. ಅಲ್ವಾ ಅನ್ನಿಸಬಹುದು. ಕಂಕುಳು ಅಷ್ಟು ಕೆಳಗೆ ಹೋದರೆ ತೋಳು ಎತ್ತಿದಾಗಲೆಲ್ಲ ಅದು ಮೈಯ ಭಾಗವನ್ನು ಎಳೆದುಕೊಂಡು ಬರುತ್ತದೆ.

ಕಂಬ ಅಂದರೆ ಡಬಲ್ ಕ್ರೋಶಾ. ಕಡ್ಡಿಗೆ ಒಮ್ಮೆ ದಾರ ಸುತ್ತಿಕೊಂಡು ಹಾಕುವ ಸ್ಟಿಚ್. ಬ್ರಿಟಿಷ್ ಮಾದರಿಗಳಲ್ಲಿ ಇದಕ್ಕೇ ಟ್ರೆಬಲ್ ಅನ್ನುತ್ತಾರೆ. ಹಾಗಾಗಿ ಎಲ್ಲಿಂದಾದರೂ ಮಾದರಿ ತೆಗೆದುಕೊಂಡರೆ ಅದು ಯಾವ ಪದ್ಧತಿಯದು ಅಂತ ಮೊದಲೇ ನೋಡಿಕೊಳ್ಳಿ.

ಬಿಚ್ಚಿದ ಉಲ್ಲನ್ ಸುರುಳಿ ಸುರುಳಿಯಾಗಿತ್ತು. ಹಾಗೇ ಹೆಣೆದರೆ ಸಾಲು ಏರುಪೇರಾಗುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ನೆರಳಿನಲ್ಲಿ ತೂಗುಹಾಕಿದೆ. ಒಣಗಿದ ಮೇಲೆ ದಾರ ನೇರವಾಯಿತು. ಒಟ್ಟು ಸುಮಾರು 600 ಗ್ರಾಂ ಇತ್ತು. ಎಲ್ಲ ಉಂಡೆಗಳೂ ಒಂದೇ ಡೈ ಲಾಟಿನವು, ಅಂದರೆ ಒಂದೇ ಸಲಕ್ಕೆ ಒಟ್ಟಿಗೆ ಬಣ್ಣ ಹಾಕಿದವು. ಬೇರೆ ಬೇರೆ ಲಾಟಿನ ಉಂಡೆಗಳ ಬಣ್ಣ ಕೈಯಲ್ಲಿ ಹಿಡಿದಾಗ ಒಂದೇ ಥರ ಕಾಣುತ್ತದೆ, ಹೆಣೆದ ಮೇಲೆ ಬೆನ್ನಿನ ಮೇಲೆ ಗೆರೆ ಎಳೆದ ಹಾಗೆ ಎದ್ದು ಕಾಣುತ್ತದೆ.

ಈ ಸಲ ಮಾದರಿ ತುಂಡನ್ನು ಮನಸ್ಸಿಟ್ಟು ಹೆಣೆದೆ. 5 ಮಿ.ಮೀ. ಕಡ್ಡಿ, 15 ಸೆಂ.ಮೀ. ಚೌಕ. ತೊಳೆದು, ಹರಡಿ ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ. ಅಳೆದೆ. ಅಡ್ಡಕ್ಕೆ 14 ಕಂಬ, ಎತ್ತರಕ್ಕೆ 8 ಸಾಲು. ಇಡೀ ಜಾಕೆಟ್ ಈ ಎರಡು ಸಂಖ್ಯೆಗಳ ಮೇಲೆ ನಿಂತಿದೆ.

ಲೆಕ್ಕವನ್ನು ಹಿಂದಿನಿಂದ ಮಾಡಿದೆ. ಅಕ್ಕನ ಎದೆ ಸುತ್ತಳತೆ 92 ಸೆಂ.ಮೀ. ಜಾಕೆಟ್ ಒಳಗೆ ಇನ್ನೊಂದು ಬಟ್ಟೆ ಇರುತ್ತದೆ, ಅದಕ್ಕೆ 10 ಸೆಂ.ಮೀ. ಸಡಿಲ ಬಿಟ್ಟರೆ 102. ಗುಂಡಿ ಪಟ್ಟಿ 4 ಸೆಂ.ಮೀ. ತುಂಬುತ್ತದೆ. ಉಳಿದದ್ದು 98, ಅಂದರೆ ಸುಮಾರು 138 ಕಂಬ. ಕಂಕುಳಿನ ಆಳ 22 ಸೆಂ.ಮೀ. ಸಾಕು, ಅಂದರೆ 18 ಸಾಲು. ರಾಗ್ಲನ್ ಅನ್ನುವ ಈ ಶೈಲಿಯಲ್ಲಿ ತೋಳುಗಳು ಬೆನ್ನಿಗೂ ಮುಂಭಾಗಕ್ಕೂ ಸೇರುವ ಕಡೆ ನಾಲ್ಕು ಮೂಲೆಗಳಿರುತ್ತವೆ, ಒಂದೊಂದು ಮೂಲೆಯ ಎರಡೂ ಬದಿಗೆ ಸಾಲಿಗೊಂದು ಕಂಬ ಹೆಚ್ಚುತ್ತದೆ. ಹಾಗಾಗಿ ಬೆನ್ನಿಗೆ ಸಾಲಿಗೆ 2, ಪ್ರತಿ ತೋಳಿಗೆ 2, ಪ್ರತಿ ಮುಂಭಾಗಕ್ಕೆ 1. ಬೆನ್ನು 28ರಿಂದ ಶುರುವಾದರೆ 18 ಸಾಲಿಗೆ 64. ತೋಳು 8ರಿಂದ 44. ಮುಂಭಾಗ 12ರಿಂದ 30. ಬೆನ್ನಿಗೆ ಎರಡು ಮುಂಭಾಗ ಸೇರಿಸಿದರೆ 124, ಎರಡು ಕಂಕುಳಿಗೆ 7ರಂತೆ 14. ಸರಿಯಾಗಿ 138.

ಕತ್ತಿನಿಂದ ಕೆಳಗೆ ಹೆಣೆಯುವವರು ಹಿಡಿಯಬೇಕಾದ ಎಳೆ ಇದೇ ಅಂತ ನನಗೆ ಈಗ ಅನ್ನಿಸುತ್ತದೆ. ಅಗಲವೂ ಆಳವೂ ಕಂಕುಳಿಗೆ ಒಟ್ಟಿಗೆ ಬಂದು ಮುಟ್ಟಬೇಕು. ಆಳ ಮೊದಲು ಮುಟ್ಟಿತು, ಅಗಲ ಇನ್ನೂ ಬೇಕು ಅಂದರೆ ಕೆಲವು ಸಾಲುಗಳಲ್ಲಿ ಮೂಲೆಯ ಒಂದೊಂದು ಬದಿಗೂ ಎರಡೆರಡು ಕಂಬ ಹಾಕಬೇಕು. ಅಗಲ ಸಾಕಾಗಿ ಆಳ ಬೇಕಿದ್ದರೆ ಹೆಚ್ಚಿಸದೆ ಒಂದೆರಡು ಸಾಲು ಸುಮ್ನೆ ಹೋಗಬೇಕು. ಎದೆ ದೊಡ್ಡದು, ತೋಳು ಸಣ್ಣ ಇರುವವರಿಗೆ ಕೊನೆಯ ಕೆಲವು ಸಾಲುಗಳಲ್ಲಿ ಮೈಯ ಬದಿಗೆ ಮಾತ್ರ ಹೆಚ್ಚಿಸಿ ತೋಳಿನ ಬದಿ ಬಿಡಬಹುದು. ಎರಡೂ ಬದಿ ಸಮವಾಗಿಯೇ ಹೆಚ್ಚಬೇಕು ಅಂತ ನಿಯಮವೇನೂ ಇಲ್ಲ.

ಇನ್ನು ಕತ್ತು. ಮೊದಲ ಸಲ 12ರ ಮುಂಭಾಗವನ್ನು ಚೈನಿನಲ್ಲೇ, ಅಂದರೆ ಕೆಲಸ ಶುರುವಾಗುವ ಕುಣಿಕೆಗಳ ಸರಪಳಿಯಲ್ಲೇ, ಶುರು ಮಾಡಿದ್ದೆ. ಹಾಗೆ ಮಾಡಿದರೆ ಮುಂದಿನ ಕತ್ತು ಹಿಂದಿನ ಕತ್ತಿನಷ್ಟೇ ಎತ್ತರ ಬರುತ್ತದೆ. ನಮ್ಮ ಮೈ ಹಾಗಿಲ್ಲ, ಮುಂದೆ ಕತ್ತು ತಗ್ಗಿನಲ್ಲಿದೆ. ಅದಕ್ಕೇ ಅವಳಿಗೆ ಒತ್ತಿದ್ದು. ಈ ಸಲ ಮುಂಭಾಗಕ್ಕೆ ಬರೀ 2 ಕಂಬ ಇಟ್ಟೆ. ಮುಂಭಾಗ, ತೋಳು, ಬೆನ್ನು, ತೋಳು, ಮುಂಭಾಗ ಅಂತ 2, 8, 28, 8, 2, ಜೊತೆಗೆ ನಾಲ್ಕು ಮೂಲೆ, ಒಟ್ಟು 52. ಮೊದಲ ಕಂಬದ ಬದಲಿಗೆ ನಿಲ್ಲುವ ಮೂರು ಚೈನಿನ ಲೆಕ್ಕ ಸೇರಿಸಿ 54 ಚೈನ್ ಹಾಕಿದೆ. ಈ ಚೈನಿಗೆ ಮಾತ್ರ 5.5 ಮಿ.ಮೀ. ಕಡ್ಡಿ. ಚೈನ್ ಬಿಗಿಯಾದರೆ ಮುಂದೆ ಏನು ಮಾಡಿದರೂ ಕತ್ತು ಸಡಿಲವಾಗುವುದಿಲ್ಲ.

ಮೊದಲ ನಾಲ್ಕು ಸಾಲಿನಲ್ಲಿ ಮೂಲೆಗಳ ಜೊತೆ ಎರಡು ಮುಂದಿನ ಅಂಚುಗಳಲ್ಲೂ ಒಂದೊಂದು ಕಂಬ ಹೆಚ್ಚಿಸಿದೆ. ಮೊದಲ ಸಾಲು ಮುಗಿದಾಗ 4, 10, 30, 10, 4. ನಾಲ್ಕನೆಯದು ಮುಗಿದಾಗ 10, 16, 36, 16, 10. ಮೊದಲಿನ ಲೆಕ್ಕದಲ್ಲಿ ಇಲ್ಲಿ ಮುಂಭಾಗ 16 ಇರಬೇಕು, ಅಂದರೆ ಎರಡು ಕಡೆಯೂ 6 ಕಡಿಮೆ. ಅದನ್ನು ಚೈನಿನಿಂದ ತುಂಬಿದೆ. ಕಡ್ಡಿ ಇರುವ ಕಡೆ ಏನೂ ಕಷ್ಟವಿಲ್ಲ, 8 ಚೈನ್ ಹಾಕಿ ತಿರುಗಿದರೆ 6 ಕಂಬ ಸಿಗುತ್ತದೆ. ಎದುರಿನ ಅಂಚಿನಲ್ಲಿ ಕಡ್ಡಿ ಇರುವುದಿಲ್ಲ. ಅಲ್ಲಿಗೆ ಒಂದು ಮೊಳದಷ್ಟು ಬೇರೆ ದಾರ ಸೇರಿಸಿ, 6 ಚೈನ್ ಹಾಕಿ ಗಂಟು ಹಾಕಿಬಿಟ್ಟೆ. ಐದನೇ ಸಾಲು ಹೆಣೆಯುತ್ತಾ ಅಲ್ಲಿಗೆ ಬಂದಾಗ ಆ ಚೈನಿನ ಮೇಲೇ 6 ಕಂಬ ಹಾಕಿದೆ. ನಾಲ್ಕು ಸಾಲಿಗೆ 5 ಸೆಂ.ಮೀ. ತಗ್ಗು ಸಿಕ್ಕಿತು. ಕನ್ನಡಿ ಮುಂದೆ ಹಿಡಿದು ನೋಡಿದೆ, ಕತ್ತಿನ ಬುಡದ ಕುಳಿ ಕಾಣುವಷ್ಟು ತೆರೆದಿತ್ತು. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಗಳಿಗೆ ಅದು.

ಮೂಲೆ ಹೀಗೆ. ಮೂಲೆಯ ಚೈನ್ ಸಂದಿಯಲ್ಲಿ ಒಂದು ಕಂಬ, ಒಂದು ಚೈನ್, ಮತ್ತೆ ಒಂದು ಕಂಬ. ಮುಂದಿನ ಸಾಲಿನಲ್ಲಿ ಅದೇ ಸಂದಿಯಲ್ಲಿ ಮತ್ತೆ ಅದೇ. ಕತ್ತಿನಿಂದ ಕಂಕುಳಿಗೆ ಓರೆಯಾಗಿ ಸಣ್ಣ ಕಿಂಡಿಗಳ ಸಾಲು ಇಳಿದು ಬರುತ್ತದೆ. ಇಲ್ಲಿ ಒಂದು ಜಾಗ ಎಲ್ಲರನ್ನೂ ಎಡವಿಸುತ್ತದೆ. ಮೂಲೆಯ ಎರಡನೇ ಕಂಬ ಓರೆಯಾಗಿ ವಾಲಿ, ಅದರ ಪಕ್ಕದ ಸ್ಟಿಚ್ಚಿನ ತಲೆಯನ್ನು ಮುಚ್ಚಿಬಿಡುತ್ತದೆ. ಕಣ್ಣಿಗೆ ಕಾಣುವ ಮೊದಲ ಸ್ಟಿಚ್ಚಿಗೆ ಕಡ್ಡಿ ಹಾಕಿದರೆ ಒಂದು ತಪ್ಪಿಹೋಗುತ್ತದೆ. ನಾನು ಎಡಗೈ ಹೆಬ್ಬೆರಳಿನಿಂದ ಮೂಲೆಯ ಕಂಬವನ್ನು ಪಕ್ಕಕ್ಕೆ ಒತ್ತಿ, ಕೆಳಗೆ ಅವಿತ ಸ್ಟಿಚ್ ಹುಡುಕಿ ಅಲ್ಲಿಗೇ ಹಾಕುತ್ತೇನೆ. ಬೆನ್ನು ಮತ್ತು ತೋಳಿನ ಸಂಖ್ಯೆ ಯಾವ ಸಾಲಿನಲ್ಲೂ ಸಮಸಂಖ್ಯೆಯೇ ಇರಬೇಕು. ಬೆಸ ಬಂತೆಂದರೆ ಎಲ್ಲೋ ಒಂದು ಬಿಟ್ಟಿದ್ದೇನೆ ಅಂತ ಅರ್ಥ, ತಕ್ಷಣ ಬಿಚ್ಚುತ್ತೇನೆ.

ಈ ಓರೆ ಗೆರೆಯ ತೋಳಿಗೆ ರಾಗ್ಲನ್ ಅನ್ನುವ ಹೆಸರು ಬಂದದ್ದು ಒಬ್ಬ ಬ್ರಿಟಿಷ್ ಸೇನಾಧಿಕಾರಿಯಿಂದ. 1815ರ ವಾಟರ್‌ಲೂ ಯುದ್ಧದಲ್ಲಿ ಅವರು ಬಲಗೈ ಕಳೆದುಕೊಂಡಿದ್ದರು. ಮುಂದೆ ಲಾರ್ಡ್ ರಾಗ್ಲನ್ ಆಗಿ ಕ್ರಿಮಿಯನ್ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಮುಖ್ಯಸ್ಥರಾಗಿದ್ದರು. ಅದೇ ಯುದ್ಧದಲ್ಲಿ, 1854ರಲ್ಲಿ ಬಾಲಾಕ್ಲಾವಾದಲ್ಲಿ, ಅವರ ಕೈಕೆಳಗೆ ಅಶ್ವದಳ ನಡೆಸಿದವರು ಲಾರ್ಡ್ ಕಾರ್ಡಿಗನ್. ಮುಂದೆ ತೆರೆದುಕೊಳ್ಳುವ ಉಣ್ಣೆ ಅಂಗಿಗೆ ಅವರದೇ ಹೆಸರು. ಹಾಗಾಗಿ ರಾಗ್ಲನ್ ಕಾರ್ಡಿಗನ್ ಅಂದಾಗಲೆಲ್ಲ ಒಂದೇ ಯುದ್ಧದ ಇಬ್ಬರ ಹೆಸರು ಹೇಳಿದ ಹಾಗಾಗುತ್ತದೆ. ತೋಳಿನ ಗೆರೆ ಭುಜದ ತುದಿಯಲ್ಲಿ ನಿಲ್ಲದೆ ಕತ್ತಿನವರೆಗೆ ಹೋಗುವುದರಿಂದ ಕೈ ಆಡಿಸುವುದು ಸಲೀಸು. ಮೂಳೆಯ ಮೇಲೆ ಹೊಲಿಗೆ ಕೂರುವುದಿಲ್ಲ.

14ನೇ ಸಾಲಿನಲ್ಲಿ ಅಕ್ಕನಿಗೆ ಹಾಕಿ ನೋಡಿದೆ. ಕ್ರೋಶಾದ ದೊಡ್ಡ ಅನುಕೂಲ ಇದು. ಎರಡು ಕಡ್ಡಿಯ ಹೆಣಿಗೆಯಲ್ಲಿ ನೂರಾರು ಸ್ಟಿಚ್ಚುಗಳು ಕಡ್ಡಿ ಮೇಲೆ ನಿಂತಿರುತ್ತವೆ. ಇಲ್ಲಿ ಬಿಚ್ಚಿಹೋಗುವಂಥದ್ದು ಒಂದೇ ಕುಣಿಕೆ. ಅದನ್ನು ಉದ್ದ ಎಳೆದು ಒಂದು ಪಿನ್ನು ಹಾಕಿದರೆ ಮುಗಿಯಿತು. ಮುಂದಿನ ಅಂಚುಗಳನ್ನು ಪಿನ್ನಿನಿಂದ ಹಿಡಿಸಿ, ಮೂಲೆಯ ಗೆರೆ ಎಲ್ಲಿಗೆ ಬಂದಿದೆ ನೋಡಿದೆ. ಕಂಕುಳಿಗೆ ಇನ್ನು ಮೂರು ಬೆರಳು ಬಾಕಿ. ನಾಲ್ಕು ಸಾಲಿಗೆ 5 ಸೆಂ.ಮೀ. ಅಂದರೆ ಲೆಕ್ಕ ಕೂಡುತ್ತಿತ್ತು.

18 ಮುಗಿದ ಮೇಲೆ ಮೈ ಬೇರೆ, ತೋಳು ಬೇರೆ. ಮುಂಭಾಗದ 30 ಕಂಬ, 7 ಚೈನ್, ತೋಳಿನ 44 ಬಿಟ್ಟು ಬೆನ್ನಿನ 64, ಮತ್ತೆ 7 ಚೈನ್, ಇನ್ನೊಂದು ತೋಳು ಬಿಟ್ಟು ಕೊನೆಯ 30. ಆಮೇಲಿನ ಮೈ ಬರೀ ಹೋಗುವುದು, ಬರುವುದು. 26 ಸಾಲು ಹಾಕಿ ಕೆಳಗೆ ರಿಬ್, ಅಂದರೆ ಏರುತಗ್ಗಿನ ಗೆರೆಗಳ ಅಂಚು, ಹೆಣೆದೆ, ಒಂದು ಕಂಬವನ್ನು ಮುಂದಿನಿಂದ ಹಿಡಿದು, ಒಂದನ್ನು ಹಿಂದಿನಿಂದ ಹಿಡಿದು.

ತೋಳಿನಲ್ಲಿ ಎರಡು ವಿಷಯ ಹೇಳಲೇಬೇಕು. ಒಂದು, ಕಂಕುಳಿನ ತೂತು. 44 ಕಂಬಕ್ಕೆ ಕಂಕುಳಿನ 7 ಚೈನಿನ ಅಡಿಬದಿ ಸೇರಿಸಿದರೆ 51. ಚೈನ್ ಮುಗಿದು ತೋಳು ಶುರುವಾಗುವ ಎರಡೂ ಜಾಗದಲ್ಲಿ ಒಂದು ಸಂದಿ ಬಾಯಿ ಬಿಡುತ್ತದೆ. ಅಲ್ಲಿ ಅರ್ಧಕ್ಕೆ ನಿಲ್ಲಿಸಿದ ಒಂದು ಕಂಬವನ್ನು ಚೈನಿನ ತುದಿಯಲ್ಲಿ, ಇನ್ನೊಂದನ್ನು ಮೂಲೆಯ ಪಕ್ಕದ ಕಂಬದ ಬದಿಯಲ್ಲಿ ಹಾಕಿ ಎರಡನ್ನೂ ಒಟ್ಟಿಗೆ ಮುಚ್ಚಿದೆ. ಆಮೇಲೆ ಸೂಜಿ ಹಿಡಿದು ತೇಪೆ ಹಾಕುವ ಕೆಲಸ ಬರಲಿಲ್ಲ.

ಎರಡನೆಯದು ನನಗೆ ಯಾರೂ ಹೇಳಿರಲಿಲ್ಲ. ತೋಳು ಸುತ್ತು ಅಲ್ವಾ, ಹಾಗಾಗಿ ಒಂದೇ ದಿಕ್ಕಿಗೆ ಸುತ್ತಿಕೊಂಡು ಹೋಗುವುದು ಸಹಜ ಅನ್ನಿಸುತ್ತದೆ. ಹಾಗೆ ಮಾಡಿದರೆ ಎಲ್ಲ ಸಾಲುಗಳ ಮುಖವೂ ಹೊರಗೆ ಬರುತ್ತದೆ. ಮೈಯಲ್ಲಿ ತಿರುಗಿಸಿ ತಿರುಗಿಸಿ ಹೆಣೆದದ್ದರಿಂದ ಒಂದು ಸಾಲು ಮುಖ, ಒಂದು ಸಾಲು ಬೆನ್ನು. ಒಂದೇ ದಾರ, ಒಂದೇ ಕಡ್ಡಿ, ಆದರೂ ತೋಳು ಬೇರೆ ಬಟ್ಟೆಯಿಂದ ತಂದು ಅಂಟಿಸಿದ ಹಾಗೆ ಕಾಣುತ್ತದೆ. ಸುತ್ತು ಸೇರುವ ಗೆರೆಯೂ ನಿಧಾನವಾಗಿ ತೋಳಿನ ಸುತ್ತ ಜರುಗುತ್ತದೆ. ನಾಲ್ಕು ಸುತ್ತು ಹಾಕಿ ಬಿಚ್ಚಿದೆ. ಪ್ರತಿ ಸುತ್ತನ್ನೂ ಸ್ಲಿಪ್ ಸ್ಟಿಚ್ಚಿನಿಂದ, ಅಂದರೆ ಎತ್ತರವಿಲ್ಲದ ಜೋಡಿಸುವ ಸ್ಟಿಚ್ಚಿನಿಂದ, ಸೇರಿಸಿ, ತಿರುಗಿಸಿ, ವಾಪಸ್ ಹೆಣೆದೆ. ಗೆರೆ ಕಂಕುಳಿನ ಕೆಳಗೇ ನೇರ ನಿಂತಿತು.

ಇಳಿಸುವ ಲೆಕ್ಕ ಸರಳ. 51ರಿಂದ 35ಕ್ಕೆ ಬರಬೇಕು, 16 ಇಳಿಯಬೇಕು. ಒಂದು ಸಲಕ್ಕೆ ಗೆರೆಯ ಆಚೀಚೆ ಒಂದೊಂದರಂತೆ ಎಂಟು ಸಲ. ಮೊದಲ 4 ಸಾಲು ಹಾಗೇ, ಆಮೇಲೆ ಮೂರು ಸಾಲಿಗೊಮ್ಮೆ, ಕೊನೆಗೆ 2 ಸಾಲು ಹಾಗೇ. ಒಟ್ಟು 30 ಸಾಲು, ಅದರ ಕೆಳಗೆ 5 ಸೆಂ.ಮೀ. ರಿಬ್.

ಗುಂಡಿ ಪಟ್ಟಿಗೆ 4.5 ಮಿ.ಮೀ. ಕಡ್ಡಿಯಲ್ಲಿ ಸಿಂಗಲ್ ಕ್ರೋಶಾ (ಕಡ್ಡಿಗೆ ದಾರ ಸುತ್ತಿಕೊಳ್ಳದೆ ಹಾಕುವ ಗಿಡ್ಡ ಸ್ಟಿಚ್), 6 ಸಾಲು. ಪ್ರತಿ ಸಾಲಿನ ಅಂಚಿಗೆ ಎರಡೆರಡು ಹಾಕಿದಾಗ ಪಟ್ಟಿ ಅಲೆಅಲೆಯಾಯಿತು. ಮೂರು ಸಾಲಿಗೆ ಐದು ಮಾಡಿದೆ, ನೇರ ನಿಂತಿತು. ಮೂರನೇ ಸಾಲಿನಲ್ಲಿ ಎರಡು ಚೈನ್ ಹಾಕಿ ಎರಡು ಬಿಟ್ಟು ಕಾಜಾ. ಮೊದಲು ಎದೆಯ ತುಂಬು ಭಾಗದಲ್ಲಿ ಒಂದು ಕಾಜಾ ಗುರುತು ಮಾಡಿ, ಉಳಿದವನ್ನು ಅದರಿಂದ ಮೇಲಕ್ಕೂ ಕೆಳಕ್ಕೂ ಹಂಚಿದೆ. ಇಲ್ಲದಿದ್ದರೆ ಕೂತಾಗ ಅಲ್ಲೇ ಬಾಯಿ ಬಿಡುತ್ತದೆ.

ಅಕ್ಕ ಹಾಕಿಕೊಂಡ ತಕ್ಷಣ ಕೈ ಎತ್ತಿ ನೋಡಿದಳು. ಕೆಳಗಿನ ಅಂಚು ಅಲ್ಲೇ ಇತ್ತು. ಅವಳು ಅದನ್ನು ಎರಡು ಚಳಿಗಾಲ ಬಿಡದೆ ಹಾಕಿದಳು, ತೋಳಿನ ತುದಿ ಸವೆದು ಎಳೆ ಎದ್ದಿತು. ಕ್ರೋಶಾ ಬಿಚ್ಚುವುದು ಕೊನೆಗೆ ಹೆಣೆದ ತುದಿಯಿಂದ ಮಾತ್ರ, ಇಲ್ಲಿ ಆ ತುದಿ ಇರುವುದು ಸರಿಯಾಗಿ ಸವೆಯುವ ಜಾಗದಲ್ಲೇ. ರಿಬ್ ಬಿಚ್ಚಿ, ಸವೆದ ಎಳೆ ಕತ್ತರಿಸಿ, ಎತ್ತಿಟ್ಟಿದ್ದ ಉಂಡೆಯಿಂದ ಹೊಸ ರಿಬ್ ಹಾಕಿದೆ. "ಒಂದೆರಡು ಸಾಲು ಉದ್ದ ಮಾಡೇ, ಬೆಳಿಗ್ಗೆ ಹೊತ್ತು ಮಣಿಕಟ್ಟಿಗೆ ಚಳಿ ಆಗುತ್ತೆ" ಅಂದಿದ್ದಳು. ಎರಡು ಸಾಲು ಸೇರಿಸಿಕೊಟ್ಟೆ.