ಆಸ್ಪಿರಿನ್ ಪ್ರಾಕ್ಟಿಕಲ್: ಯೀಲ್ಡ್ ಲೆಕ್ಕ ಹಾಕುವುದು ಹೇಗೆ

ಧಾರವಾಡದಲ್ಲಿ ಬಿಎಸ್ಸಿ ಓದುವ ಬಹಳಷ್ಟು ಹುಡುಗರಿಗೆ ಆಸ್ಪಿರಿನ್ ಮಾಡುವುದು ಕಷ್ಟ ಅಲ್ಲ, ರೆಕಾರ್ಡ್‌ನಲ್ಲಿ ಯೀಲ್ಡ್ (ಎಷ್ಟು ಆಸ್ಪಿರಿನ್ ಸಿಕ್ಕಿತು ಎಂಬ ಲೆಕ್ಕ) ಬರೆಯುವಾಗ ತಲೆ ಕೆಡುತ್ತದೆ.

ಮೊದಲು ಸಮೀಕರಣ ನೋಡಿ. ಮೋಲ್ ಅಂದರೆ ಅಣುಗಳನ್ನು ಎಣಿಸುವ ಅಳತೆ. ಒಂದು ಮೋಲ್ ಸ್ಯಾಲಿಸಿಲಿಕ್ ಆಸಿಡ್‌ಗೆ ಒಂದು ಮೋಲ್ ಅಸಿಟಿಕ್ ಅನ್‌ಹೈಡ್ರೈಡ್ ಸೇರಿದರೆ ಒಂದು ಮೋಲ್ ಆಸ್ಪಿರಿನ್. ಗ್ರಾಂಗಳನ್ನು ನೇರವಾಗಿ ಹೋಲಿಸಬೇಡಿ, ಮೋಲ್‌ಗೆ ಬದಲಿಸಿ. 2 ಗ್ರಾಂ ಸ್ಯಾಲಿಸಿಲಿಕ್ ಆಸಿಡ್ ಅನ್ನು ಅದರ ಒಂದು ಮೋಲ್ ತೂಕ 138.12ರಿಂದ ಭಾಗಿಸಿದರೆ 0.0145 ಮೋಲ್. ಅನ್‌ಹೈಡ್ರೈಡ್ ದ್ರವ, ಹಾಗಾಗಿ 5 ಮಿಲಿಯನ್ನು ಸಾಂದ್ರತೆ 1.08ರಿಂದ ಗುಣಿಸಿ 5.4 ಗ್ರಾಂ ಮಾಡಿಕೊಂಡು, ಆಮೇಲೆ ಅದರ ಮೋಲ್ ತೂಕ 102.09ರಿಂದ ಭಾಗಿಸಬೇಕು: 0.053 ಮೋಲ್.

ಚುರುಮುರಿ ಎಷ್ಟೇ ಇರಲಿ, ಒಗ್ಗರಣೆ ಎರಡು ಪ್ಲೇಟಿಗಷ್ಟೇ ಇದ್ದರೆ ಗಿರ್ಮಿಟ್ ಎರಡೇ ಪ್ಲೇಟ್, ಅಲ್ವಾ? ಇಲ್ಲಿ ಮೊದಲು ಮುಗಿಯುವುದು ಸ್ಯಾಲಿಸಿಲಿಕ್ ಆಸಿಡ್. ಅದೇ ಲಿಮಿಟಿಂಗ್ ರಿಯೇಜೆಂಟ್. ಆಸ್ಪಿರಿನ್‌ನ ಮೋಲ್ ತೂಕ 180.16, ಹಾಗಾಗಿ 0.0145 × 180.16 = 2.61 ಗ್ರಾಂ, ಇದು ಥಿಯರೆಟಿಕಲ್ ಯೀಲ್ಡ್, ಅಂದರೆ ಹೆಚ್ಚೆಂದರೆ ಸಿಗಬಹುದಾದ ತೂಕ.

ತೂಕಕ್ಕೆ 2.10 ಗ್ರಾಂ ಸಿಕ್ಕಿತು ಅಂದುಕೊಳ್ಳಿ. 2.10 ÷ 2.61 × 100, ಅಂದರೆ ಸುಮಾರು 80.5%. ಫಿಲ್ಟರ್ ಪೇಪರ್ ತೂಕ ಕಳೆದಿದ್ದೀರಿ ತಾನೆ?

ನೂರು ದಾಟಿದರೆ ಖುಷಿ ಪಡಬೇಡಿ. ಹೆಚ್ಚಾಗಿ ಹರಳು ಒಣಗಿರುವುದಿಲ್ಲ, ಅದರಲ್ಲೂ ಧಾರವಾಡದ ಜುಲೈ ಮಳೆಯಲ್ಲಿ ಬೆಂಚಿನ ಮೇಲೆ ಸುಮ್ನೆ ಇಟ್ಟರೆ ಒಣಗುವುದೂ ಇಲ್ಲ. ಡೆಸಿಕೇಟರ್‌ನಲ್ಲಿ (ತೇವ ಹೀರುವ ಮುಚ್ಚಿದ ಪಾತ್ರೆ) ಇಟ್ಟು, ಮತ್ತೆ ತೂಗಿ, ತೂಕ ಬದಲಾಗದಿದ್ದಾಗ ಮಾತ್ರ ಬರೆಯಿರಿ. ಯೀಲ್ಡ್ ಎಷ್ಟೇ ಬಂದಿರಲಿ, ಇನ್ನೊಂದು ಅನುಮಾನ: ಮೂಲ ಸ್ಯಾಲಿಸಿಲಿಕ್ ಆಸಿಡ್ ಉಳಿದಿರಬಹುದು. ಒಂದೆರಡು ಹರಳಿಗೆ ಫೆರಿಕ್ ಕ್ಲೋರೈಡ್ ಹಾಕಿ, ನೇರಳೆ ಬಣ್ಣ ಬಂದರೆ ಅದು ಉಳಿದಿದೆ. ರೀಕ್ರಿಸ್ಟಲೈಸ್ ಮಾಡಿದರೆ (ಕರಗಿಸಿ ಮತ್ತೆ ಹರಳು ಮಾಡಿ ಶುದ್ಧ ಮಾಡಿದರೆ) ಯೀಲ್ಡ್ ಇಳಿಯುತ್ತದೆ, ಇಳಿಯಲಿ. ಅದಕ್ಕೆ ಮೊದಲಿನ ಮತ್ತು ನಂತರದ ಎರಡೂ ತೂಕ ಬೇರೆ ಬೇರೆ ಬರೆಯಿರಿ.