ಯಾವ ಫೈಲ್ ಸಿಗಲಿಲ್ಲ ಎಂದು ತಿಳಿಸುವ ದೋಷ ಸಂದೇಶ

ಕೋಲಾರದ ಟೊಮೇಟೊ ಮಂಡಿಯೊಂದಕ್ಕೆ ನಾನು ಸಿ ಭಾಷೆಯಲ್ಲಿ ಬರೆದುಕೊಟ್ಟಿದ್ದ ಬಿಲ್ಲಿನ ಪ್ರೋಗ್ರಾಂ ಒಂದು ದಿನ ಸರಿಯಾಗಿ ಹರಾಜಿನ ಹೊತ್ತಿಗೆ ನಿಂತುಹೋಯಿತು. ಗುಮಾಸ್ತರು ಫೋನಿನಲ್ಲಿ ಓದಿ ಹೇಳಿದ್ದು ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂಬ ಒಂದೇ ಸಾಲು. ಯಾವ ಫೈಲ್ ಎಂದು ಕೇಳಿದ್ದಕ್ಕೆ, ‘ಅದನ್ನ ನೀವೇ ಹೇಳ್ಬೇಕು ಸಾರ್’ ಎಂದರು.

ತಪ್ಪು ನನ್ನದೇ ಆಗಿತ್ತು. ಕೇಳಿದ ಫೈಲ್ ಇಲ್ಲದಿದ್ದಾಗ ಲಿನಕ್ಸ್ ಕರ್ನಲ್ (ಕಾರ್ಯಾಚರಣೆ ವ್ಯವಸ್ಥೆಯ ತಿರುಳು) ಕೊಡುವುದು 2 ಎಂಬ ದೋಷಸಂಖ್ಯೆಯನ್ನಷ್ಟೇ. ಅದಕ್ಕೆ ಇಂಗ್ಲಿಷ್ ವಾಕ್ಯವನ್ನು ಜೋಡಿಸುವುದು ಸಿ ಲೈಬ್ರರಿ. ಆ ವಾಕ್ಯದಲ್ಲಿ ಫೈಲಿನ ಹೆಸರಿಗೆ ಜಾಗವಿಲ್ಲ, ಅದು ಯಾವ ಕೆಲಸಕ್ಕೆ ಬೇಕಾಗಿತ್ತು ಎಂಬುದಂತೂ ನಮ್ಮ ಕೋಡ್‌ಗಲ್ಲದೆ ಬೇರಾರಿಗೂ ತಿಳಿಯದು. ಆದ್ದರಿಂದ ಫೈಲ್ ತೆರೆಯುವ ಕರೆ ವಿಫಲವಾದ ಜಾಗದಲ್ಲಿಯೇ ಮಾಡಹೊರಟ ಕೆಲಸ, ಫೈಲಿನ ಪೂರ್ಣ ದಾರಿ ಮತ್ತು ವ್ಯವಸ್ಥೆ ಕೊಟ್ಟ ಮೂಲ ಕಾರಣ, ಈ ಮೂರನ್ನೂ ಸಂದೇಶಕ್ಕೆ ಸೇರಿಸಬೇಕು.

ನಾನು ಅದನ್ನು ಹೀಗೆ ತಿದ್ದಿದೆ: «ಇಂದಿನ ದರಪಟ್ಟಿ ಓದಲಾಗಲಿಲ್ಲ: ‘/ಮಂಡಿ/ದರ.ಟಿಎಕ್ಸ್‌ಟಿ ’: ನೋ ಸಚ್ ಫೈಲ್ ಆರ್ ಡೈರೆಕ್ಟರಿ (2)». ಹೆಸರಿನ ಕೊನೆಯಲ್ಲಿ, ಉದ್ಧರಣ ಚಿಹ್ನೆಗೆ ಮುಂಚೆ, ಒಂದು ಖಾಲಿ ಜಾಗ ಇರುವುದನ್ನು ಗಮನಿಸಿ. ಸೆಟ್ಟಿಂಗ್ಸ್ ಫೈಲನ್ನು ತಿದ್ದುವಾಗ ಯಾರೋ ಸ್ಪೇಸ್ ಒತ್ತಿದ್ದರು. ಚಿಹ್ನೆ ಇಲ್ಲದಿದ್ದರೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ.

ಸಿ ಭಾಷೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ದೋಷಸಂಖ್ಯೆ ಇರುವ ಎರ್‌ನೋ ಎಂಬ ಚರಾಂಶವನ್ನು ಮುಂದಿನ ಯಾವುದೇ ಲೈಬ್ರರಿ ಕರೆ ಬದಲಿಸಿಬಿಡಬಹುದಾದ್ದರಿಂದ, ಲಾಗ್ ಬರೆಯುವುದಕ್ಕೂ ಮೊದಲು ಅದನ್ನು ಬೇರೊಂದು ಚರಾಂಶದಲ್ಲಿ ಉಳಿಸಿಕೊಳ್ಳಿ. ಪೈಥಾನ್ ಭಾಷೆಯಾದರೋ ಫೈಲಿನ ಹೆಸರನ್ನು ತಾನೇ ತಿಳಿಸುತ್ತದೆ, ಉದ್ದೇಶವನ್ನಲ್ಲ; ಅಲ್ಲಿ ಹೊಸ ಎಕ್ಸೆಪ್ಶನ್ (ದೋಷದ ಸೂಚನೆ) ಎತ್ತುವಾಗ ‘ಫ್ರಮ್’ ಬಳಸಿ ಹಳೆಯದನ್ನು ಜೊತೆಗಿರಿಸಿ, ಅಥವಾ 3.11ನೇ ಆವೃತ್ತಿಯಿಂದ ಬಂದಿರುವ ಟಿಪ್ಪಣಿ ಸೇರಿಸುವ ಸೌಲಭ್ಯವನ್ನು ಬಳಸಿ. ಪ್ರತಿ ಫಂಕ್ಷನ್ನೂ ‘ವಿಫಲವಾಯಿತು’ ಎಂಬ ಪದವನ್ನೇ ಪೋಣಿಸುತ್ತಾ ಹೋದರೆ ಸಂದೇಶ ಉದ್ದವಾಗುತ್ತದೆಯೇ ಹೊರತು ಹೊಸದೇನೂ ತಿಳಿಯುವುದಿಲ್ಲ. ಪಾಸ್‌ವರ್ಡ್‌ಗಳನ್ನು ಎಂದಿಗೂ ಮುದ್ರಿಸಬಾರದು.

ಕಾರಣವನ್ನು ಊಹಿಸಿ ಬರೆಯುವುದು ಇನ್ನೂ ಅಪಾಯ. ‘ಜಾಗ ಉಳಿದಿಲ್ಲ’ ಎಂಬರ್ಥದ ದೋಷಸಂಖ್ಯೆ 28 ಬಂದೊಡನೆ ‘ಡಿಸ್ಕ್ ತುಂಬಿದೆ, ದೊಡ್ಡ ಫೈಲುಗಳನ್ನು ಅಳಿಸಿ’ ಎಂದು ಬರೆಯಬೇಡಿ. ಒಂದೊಂದು ಬಿಲ್ಲಿಗೂ ಒಂದೊಂದು ಪುಟ್ಟ ಫೈಲ್ ಮಾಡುತ್ತಾ ಹೋಗಿ, ಪ್ರತಿ ಫೈಲಿಗೂ ಒಂದರಂತೆ ಬೇಕಾಗುವ ದಾಖಲೆಗಳಾದ ಐನೋಡ್‌ಗಳು ಮುಗಿದಾಗಲೂ, ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿದ್ದರೂ, ಬರುವುದು ಅದೇ 28. ಡಿಸ್ಕಿನ ಖಾಲಿ ಜಾಗ ತೋರಿಸುವ ಡಿಎಫ್ ಕಮಾಂಡನ್ನು ಹಾಗೆಯೇ ಒಮ್ಮೆ, ಐನೋಡ್ ಲೆಕ್ಕ ತೋರಿಸುವ ‘-ಐ’ ಆಯ್ಕೆಯೊಂದಿಗೆ ಇನ್ನೊಮ್ಮೆ ಓಡಿಸಿ ನೋಡುವಂತೆ ಸಂದೇಶದಲ್ಲಿ ತಿಳಿಸಿದರೆ ಸಾಕು.