ಎರೆಹುಳು, ಕಪ್ಪೆ ಉಸಿರಾಡುವುದನ್ನು ನೋಡುವ ಬಗೆ

ಎರೆಹುಳುವಿಗೆ ಶ್ವಾಸಕೋಶವೂ ಇಲ್ಲ, ಕಿವಿರೂ ಇಲ್ಲ. ಗಾಳಿಯ ಆಮ್ಲಜನಕ ಮೈಮೇಲಿನ ಲೋಳೆಯಲ್ಲಿ ಕರಗಿ, ಚರ್ಮದಡಿಯ ಸೂಕ್ಷ್ಮ ರಕ್ತನಾಳಗಳಿಗೆ ಇಳಿಯುತ್ತದೆ. ಮೈ ಒಣಗಿತೋ, ಉಸಿರು ಕಟ್ಟಿತು. ಹಾಗಾಗಿ ಮೊದಲು ನೀರು ಸಿದ್ಧವಾಗಲಿ. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ 24 ಗಂಟೆ ತೆರೆದಿಡಿ. ಕ್ಲೋರಮೈನ್ (ಕ್ಲೋರಿನ್, ಅಮೋನಿಯ ಸೇರಿದ ಸೋಂಕುನಿವಾರಕ) ಇದ್ದರೆ ಹೀಗೆ ಇಟ್ಟರೂ ಹೋಗದು, ಮಳೆನೀರೇ ವಾಸಿ. ಸೋಪು, ಕ್ರೀಮಿನ ಅಂಶ ಉಳಿಯದಂತೆ ಕೈ ತೊಳೆದು, ಈ ನೀರಿನಲ್ಲಿ ಒದ್ದೆ ಮಾಡಿಕೊಳ್ಳಿ.

ಬಿಳಿ ತಟ್ಟೆಗೆ ಒದ್ದೆ ಕಾಗದ ಹಾಸಿ, ನೆರಳಿನಲ್ಲಿಟ್ಟು ಹುಳುವನ್ನು ಬಿಡಿ. ಎದೆಯ ಏರಿಳಿತದಂಥದ್ದನ್ನು ಹುಡುಕಬೇಡಿ, ಸಿಗುವುದಿಲ್ಲ. ಭೂತಗನ್ನಡಿಯಲ್ಲಿ ಬೆನ್ನಿನ ನಡುಗೆರೆ ನೋಡಿ: ಕೆಂಪು ರಕ್ತನಾಳ ಬಾಲದ ಕಡೆಯಿಂದ ತಲೆಯ ಕಡೆಗೆ ಮಿಡಿಯುತ್ತಿರುತ್ತದೆ. ಹೊಳಪು ಮಾಸಿದರೆ ನೀರು ಚಿಮುಕಿಸಿ. ಐದು ನಿಮಿಷದೊಳಗೆ ಮಣ್ಣಿಗೆ ಸೇರಿಸಿ. ಆ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ಸಾಕು. ನೀರು ಹೆಚ್ಚಾದರೆ ಮಣ್ಣಿನ ಸಂದುಗಳಲ್ಲಿ ಗಾಳಿ ಉಳಿಯದು. ದುರ್ವಾಸನೆ ಬಂದು ಹುಳುಗಳು ಡಬ್ಬಿಯ ಗೋಡೆ ಹತ್ತತೊಡಗಿದರೆ ಅದೇ ಕಾರಣವಿರಬಹುದು.

ಕಪ್ಪೆಯನ್ನು ಹಿಡಿಯಲೇಬೇಡಿ. ಸುಮಾರು ಒಂದು ಮೀಟರ್ ದೂರದಿಂದ, ಪಕ್ಕದಿಂದ, ಮೊಬೈಲಿನ ಸ್ಲೋಮೋಷನ್‌ನಲ್ಲಿ ಚಿತ್ರಿಸಿಕೊಳ್ಳಿ. ಗಂಟಲು ಅದುರಿದ್ದನ್ನೆಲ್ಲ ಉಸಿರೆಂದು ಎಣಿಸುವುದೇ ಇಲ್ಲಿ ಸಾಮಾನ್ಯ ತಪ್ಪು. ಸಣ್ಣ ಅದುರಾಟದಲ್ಲಿ ಹೊಳ್ಳೆಗಳು ತೆರೆದೇ ಇರುತ್ತವೆ, ಗಾಳಿ ಬಾಯಿಯೊಳಗಷ್ಟೇ ಓಡಾಡುತ್ತದೆ. ನಿಜವಾದ ಉಸಿರಿನಲ್ಲಿ ಮೊದಲು ಗಂಟಲು ಕೆಳಗಿಳಿದು ಹೊಳ್ಳೆಗಳಿಂದ ಗಾಳಿ ಬಾಯಿಗೆ ಬರುತ್ತದೆ. ಶ್ವಾಸಕೋಶಕ್ಕೆ ಹೋಗುವ ಬಾಗಿಲಾದ ಶ್ವಾಸದ್ವಾರ ತೆರೆದು ಶ್ವಾಸಕೋಶದ ಹಳೆಯ ಗಾಳಿ ಹೊರಹೋಗುತ್ತದೆ. ಆಮೇಲೆ ಹೊಳ್ಳೆ ಮುಚ್ಚಿ, ಗಂಟಲು ಮೇಲೆದ್ದು, ಬಾಯಲ್ಲಿದ್ದ ಗಾಳಿಯನ್ನು ಸೈಕಲ್ ಪಂಪಿನಂತೆ ಒಳಕ್ಕೆ ಒತ್ತುತ್ತದೆ. ಹೊಳ್ಳೆ ಮುಚ್ಚಿದ್ದು, ಪಕ್ಕೆ ಅಲುಗಿದ್ದು ಎರಡೂ ಕಂಡರೆ ಮಾತ್ರ ಒಂದು ಉಸಿರು ಎಂದು ಗುರುತು ಹಾಕಿ. ಕಪ್ಪೆಗೆ ನಮ್ಮಂತೆ ವಪೆ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪೊರೆ) ಇಲ್ಲ, ಎದೆ ಹಿಗ್ಗಿಸುವ ಪಕ್ಕೆಲುಬುಗಳಿಲ್ಲ. ಬಾಯನ್ನು ಬಲವಂತವಾಗಿ ತೆರೆದು ಹಿಡಿದರೆ ಶ್ವಾಸಕೋಶಕ್ಕೆ ಗಾಳಿ ಒತ್ತಲು ಅದಕ್ಕೆ ಸಾಧ್ಯವಾಗುವುದಿಲ್ಲ.

ಕಪ್ಪೆಯ ಮೈಯಿಂದ ಇಂಗಾಲದ ಡೈಆಕ್ಸೈಡ್ ಬಹುಪಾಲು ಹೊರಹೋಗುವುದು ಚರ್ಮದ ಮೂಲಕವೇ. ನೀರಿನಡಿ ಹೊಳ್ಳೆ ಮುಚ್ಚಿ, ಗಂಟಲು ನಿಶ್ಚಲವಾಗಿ ಕುಳಿತ ಕಪ್ಪೆಗೆ ಆಮ್ಲಜನಕವೂ ಚರ್ಮದಿಂದಲೇ ಸಿಗುತ್ತದೆ. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುವುದರಿಂದ ಹೆಚ್ಚು ಹೊತ್ತು ಇರಬಲ್ಲದು. ಸತ್ತಿತೆಂದು ಎತ್ತಿ ಹಾಕಬೇಡಿ.